ಕೆಂಪು ಹಿಡಿಕೆಯ ಸೋಲ್ಡರಿಂಗ್ ಐರನ್

ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುವಾಗ ಸುಡುವ ರಾಳದ ವಾಸನೆ ಬಂದರೆ ಇವತ್ತಿಗೂ ನಾನು ಹೊರಗೆ ಹೋಗಿ ನಿಲ್ಲುತ್ತೇನೆ.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ, ಮನೆಯಲ್ಲೇ ಜೋಡಿಸುವ ಆಂಪ್ಲಿಫೈಯರ್ ಕಿಟ್ ತರಲು ಅಪ್ಪ ನನ್ನನ್ನು ಸದಲಗಾದಿಂದ ನಿಪ್ಪಾಣಿಗೆ ಬೈಕಿನಲ್ಲಿ ಕರೆದೊಯ್ದಿದ್ದ. ಅಂಗಡಿಯವರು ಪೆನ್ನಿನಷ್ಟು ಸಣ್ಣ ಸೋಲ್ಡರಿಂಗ್ ಐರನ್ ಮುಂದಿಟ್ಟು, “ದೊಡ್ಡದು ಬೋರ್ಡ್ ಸುಡತೈತ್ರಿ, ಇದಽ ಸಾಕು” ಎಂದರು. ನಾನು ಕೆಂಪು ಹಿಡಿಕೆಯ ದೊಡ್ಡದಕ್ಕೇ ಹಟ ಹಿಡಿದೆ.

“ನನ್ನ ಮಗಳು ಆರಿಸಿದ್ದಽ ಕೊಡ್ರಿ” ಎಂದು ಅಪ್ಪ ನಕ್ಕ.

ಮನೆಯ ಪಡಸಾಲೆಯಲ್ಲಿ ಅಪ್ಪ ಅದನ್ನು ಕಾಯಿಸಿ ಕಿಟ್ಟಿನ ಬೋರ್ಡಿಗೆ ಮುಟ್ಟಿಸಿದ್ದೇ ತಡ, ಅದರ ಮೇಲಿನ ತಾಮ್ರದ ಗೆರೆಗಳು ಈರುಳ್ಳಿ ಸಿಪ್ಪೆಯಂತೆ ಎದ್ದು ಬಂದವು. ಅಪ್ಪ ಐರನ್ನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಒಳಗಿನಿಂದ ಬಂದ ಅವ್ವ “ಏನ್ ಸುಟ್ಟಿತ್ರಿ?” ಅಂದಳು.

“ನನ್ನ ಕೈ ಕಬ್ಬು ಕಡಿಯಾಕಷ್ಟ ಲಾಯಕ್ ನೋಡು” ಎಂದ ಅಪ್ಪ.

ಅಪ್ಪ ಸುಟ್ಟಲ್ಲೆಲ್ಲ ತಂತಿ ಜೋಡಿಸಿದ ಮೇಲೆ, ಸಂಜೆಗೆ ಹೇಗೋ ಹಾಡು ಬಂತು, ಎರಡರಲ್ಲಿ ಒಂದೇ ಸ್ಪೀಕರಿನಿಂದ. ಅಪ್ಪ ಹಾಡುವ ಸ್ಪೀಕರನ್ನು ನನ್ನ ಪಕ್ಕಕ್ಕೆ ಸರಿಸಿದ. ತಾನು ಮೂಕ ಸ್ಪೀಕರಿಗೆ ಕಿವಿಯಿಟ್ಟು ಕೂತು, ತಲೆದೂಗುತ್ತ, “ಮಸ್ತ್ ಬರಾಕತ್ತೈತಿ” ಅಂದ.