ಕೋಟೆ ಬಾಗಿಲಲ್ಲಿ ಹೇಳದ ಹೆಸರು

“ರಾಜನ ಹೆಸರು ಹೇಳ್ರಿ, ಅತ್ತೇರ. ಹೇಳಿದ್ರ ಕೋಟಿ ಬಾಗಲಾ ತೆರೀತೈತಿ.”

ಭೀಮಾಬಾಯಿ ಬಾಯಿ ತೆರೆಯಲಿಲ್ಲ.

ಚಾಪೆಯ ಮೇಲೆ ಹಳೇ ಕ್ಯಾಲೆಂಡರಿನ ಬೆನ್ನಿಗೆ ಬರೆದ ಕೋಟೆ. ಅದರ ಮುಂದೆ ಹುಣಸೆ ಬೀಜಗಳು: ಒಂದು ಅತ್ತೆ, ಒಂದು ನಾದಿನಿ ಪೂನಮ, ಒಂದು ಪಕ್ಕದ ಮನೆಯ ಸಾಯಿರಾ. ಸೊಸೆ ಗೀತಾಂಜಲಿ ಕಥೆ ಹೇಳಬೇಕು. ಉಳಿದವರು ಕಥೆಯೊಳಗೆ ಹೊಕ್ಕು, ತಾವೇನು ಮಾಡುತ್ತೇವೆಂದು ಹೇಳಬೇಕು. ಅದು ಕೈಗೂಡುತ್ತದೋ ಇಲ್ಲವೋ, ದಾಳ ತೀರ್ಮಾನಿಸುತ್ತದೆ. ಮೊಬೈಲಿನಲ್ಲಿ ನೋಡಿ ಕಲಿತ ಆಟ. ಅವಳು ನಡೆಸುತ್ತಿರುವುದು ಇದೇ ಮೊದಲು.

ಆಟವೆಂಬುದು ನೆಪ. ಅದು ಅವಳಿಗೂ ಗೋಡೆಗೆ ಒರಗಿ ಕುಳಿತ ಗಂಡ ಸುಭಾಷನಿಗೂ ಮಾತ್ರ ಗೊತ್ತು. ತಾಯಿಗೆ ಮರೆವು ಹಿಡಿದಿದೆ ಎಂದು ಅವನ ಗುಮಾನಿ. ತೀರಿಹೋದ ಅಪ್ಪನನ್ನು ‘ಅವರು’ ಎನ್ನದೆ, ‘ಶಂಕ್ರೆಪ್ಪ ಹಂಗಂತಿದ್ದ, ಶಂಕ್ರೆಪ್ಪ ಹಿಂಗಂತಿದ್ದ’ ಎನ್ನುತ್ತಾಳೆ. ಅವಳ ಓರಗೆಯ ಯಾವ ಹೆಂಗಸು ಗಂಡನ ಹೆಸರು ಹಿಡಿದಾಳು?

“ಯವ್ವ ಮೊದಲಿಂದ್ಲೂ ಹಂಗ ಅಂತಾಳೋ ಅಣ್ಣಾ,” ಅಂದಿದ್ದಳು ಪೂನಮ. ಅವನು ಕೇಳಲಿಲ್ಲ. ಮರೆವು ಖಾತ್ರಿಯಾದರೆ, ತಿಕೋಟಾದ ದ್ರಾಕ್ಷಿ ತೋಟಕ್ಕೆ ಅವಳು ದಿನಾ ಒಬ್ಬಳೇ ಬಸ್ಸು ಹತ್ತುವುದು ಬಂದ್. ಆ ತೋಟದಲ್ಲೇ ಅವಳ ಜೀವ.

ರಾಜನಿಗೆ ಹೆಸರು ಹೊಳೆಯದೆ ಗೀತಾಂಜಲಿ ಅಡುಗೆಮನೆಯಲ್ಲಿ ಕಣ್ಣಾಡಿಸಿದ್ದಳು. ಅತ್ತೆ ನೀರು ಕುಡಿಯುವ ಹಿತ್ತಾಳೆ ತಂಬಿಗೆಯ ಮೇಲೆ ‘ಯಲ್ಲಾಲಿಂಗ’ ಎಂದು ಕೊರೆದಿತ್ತು. ಯಾರೋ ಮದುವೆಯಲ್ಲಿ ಉಡುಗೊರೆಯಾಗಿ ಆಯೇರಿ ಮಾಡಿದ್ದಿರಬೇಕು. ಅದನ್ನೇ ಇಟ್ಟಳು. ಕಥೆಯ ಕುರಿಗಾರನ ಬಾಯಿಂದ ಆ ಹೆಸರನ್ನು ಮೂವರಿಗೂ ಕೇಳಿಸಿಯೂ ಆಗಿತ್ತು. ಈಗ ಬಾಗಿಲಲ್ಲಿ ನಿಂತವಳೇ ಹೇಳಬೇಕು, ಬೇರೆಯವರು ತುಟಿ ಬಿಚ್ಚುವಂತಿಲ್ಲ.

“ಕಾಕೂ, ಬಾಣ ಬಡಿದು ಬಿದ್ದೀನ್ರಿ,” ಸಾಯಿರಾ ನಕ್ಕಳು. “ನಾ ಸತ್ತ ಮ್ಯಾಲೆ ಬಾಗಲಾ ತೆಗದ್ರ ಏನ್ ಬಂತು?”

“ಗ್ವಾಡಿ ಏರತೀನಿ,” ಅಂದಳು ಭೀಮಾಬಾಯಿ. ದಾಳ ಒಗೆದಳು. ದಾಳ ಕೈಕೊಟ್ಟು, ಕಥೆಯ ಗೋಡೆಯಿಂದ ಜಾರಿ ಬಿದ್ದಳು.

“ಹೆಸರು, ಅತ್ತೇರ.”

“ಕುರಿಗಾರ ಹೇಳಿದ್ನಲ್ಲ, ಬೇವಿನ ಗಿಡದ ಬುಡಕ್ಕ ರೊಟ್ಟಿ ತಿನ್ಕೋತ? ಅದ ಹೆಸರು ಅಂತ ಕಾವಲಿನವಗ ಹೇಳು.”

“ಹಂಗ ನಡ್ಯಂಗಿಲ್ರಿ. ಬಾಯಿ ಬಿಟ್ಟು ಹೇಳಬೇಕು.”

ಅತ್ತೆಯ ಹಣೆ ಬೆವೆತಿತ್ತು. ನಿಯಮ ಸಡಿಲಿಸಬಹುದಿತ್ತು. ಆದರೆ ಹೊಸದಾಗಿ ಕೈಗೆ ಬಂದ ಅಧಿಕಾರ. ಗೀತಾಂಜಲಿ ಮತ್ತೆ ಕೇಳಿದಳು, ಮತ್ತೂ ಕೇಳಿದಳು. ಭೀಮಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದಳು.

“ಸಾಕು ಬಿಡು,” ಸುಭಾಷ ಎದ್ದ. “ಯವ್ವಾ, ನಾಳಿಯಿಂದ ತ್ವಾಟಕ್ಕ ಹೋಗೂದು ಬ್ಯಾಡ.”

“ಆತಪಾ,” ಅಂದಳು. ಅಷ್ಟೇ. ಜಗಳವಿಲ್ಲ, ಅಳುವಿಲ್ಲ. ಅದನ್ನೇ ಗೀತಾಂಜಲಿಗೆ ತಡೆಯಲಾಗಲಿಲ್ಲ.

ಎಲ್ಲರೂ ಹೊರಗೆ ಹೋದ ಮೇಲೆ ಅವಳು ಅತ್ತೆಯ ಎದುರು ಕುಳಿತಳು. ಮುಖ ಎತ್ತಲಾಗಲಿಲ್ಲ. ತನ್ನ ಬಾಯಿಗೆ ತುತ್ತಿಟ್ಟ ಮುದುಕಿಯನ್ನು ನಾಲ್ಕು ಮಂದಿಯ ನಡುವೆ ಕಳ್ಳಿಯಂತೆ ನಿಲ್ಲಿಸಿ ಕೇಳಿದ್ದಳು.

“ತಪ್ಪಾತ್ರಿ ಅತ್ತೇರ. ಅದು ಆಟ ಅಲ್ಲ, ನಿಮ್ಮ ನೆನಪಿನ ಪರೀಕ್ಷಾ.”

“ಗೊತ್ತಿತ್ತು.”

“ಗೊತ್ತಿದ್ದೂ? ಒಂದು ಹೆಸರು ಹೇಳಿದ್ರ ತ್ವಾಟ ಉಳೀತಿತ್ತಲ್ರಿ. ಖರೇನ ಮರ್ತಿದ್ರೇನು?”

ಭೀಮಾಬಾಯಿ ಬಾಗಿಲ ಕಡೆ ನೋಡಿದಳು. ಮಗ ಅಲ್ಲಿರಲಿಲ್ಲ.

“ಮರ್ತಿಲ್ಲವಾ,” ಅಂದಳು ಸಣ್ಣ ದನಿಯಲ್ಲಿ. “ನಾ ರಂಡಿ ಮುಂಡಿ ಆದ ಮ್ಯಾಲೆ ಶಂಕ್ರೆಪ್ಪ ನನ್ನ ಉಡಿಕಿ ಮಾಡ್ಕೊಂಡ, ಮರುಮದುವಿ ಗಂಡನ ಹೆಸರು ಹಿಡದ್ರ ನಡೀತೈತಿ. ತಂಬಗಿ ಮ್ಯಾಲಿಂದು ಬಬಲೇಶ್ವರದಾಗ ನನಗ ಮೊದಲ ತಾಳಿ ಕಟ್ಟಿದ ಗಂಡನ ಹೆಸರು, ಬಾಯಿಲೆ ಹೆಂಗ ತಗೀಲಿ?”