ಸದ್ದಿಲ್ಲದ ಗಾಡಿ

ಹಸಿರು ನಿಧಿಗೆಂದು ಸರ್ಕಾರ ಪೆಟ್ರೋಲು, ಡೀಸೆಲ್, ಗ್ಯಾಸಿನ ಮೇಲೆ ಹೊಸ ಸೆಸ್ ಹಾಕಿತು. ಆ ನಿಧಿಯಿಂದಲೇ ಪ್ರತಿ ಆಟೋ ಸ್ಟ್ಯಾಂಡಿಗೆ ಒಂದೇ ಒಂದು ಎಲೆಕ್ಟ್ರಿಕ್ ಆಟೋ ಕೊಡುತ್ತಾರೆಂದು ಪೇಪರಿನಲ್ಲಿ ಬಂತು. ಅಪ್ಪನ ಹಳೆಯ ಗಾಡಿ ಬರೀ ಗ್ಯಾಸಿಗೇ ದುಡಿಯುತ್ತಿತ್ತು. ಅವರ ಅರ್ಜಿಯನ್ನು ನಾನೇ ತುಂಬಿದೆ. ಅದಕ್ಕೆ ಸ್ಟ್ಯಾಂಡಿನ ಅಧ್ಯಕ್ಷರ ಸಹಿ ಬೇಕಿತ್ತು.

ನಾವು ಹೋದಾಗ ಅಧ್ಯಕ್ಷರು ಸೆಸ್ ಹಾಕಿದವರನ್ನು ಬಯ್ಯುತ್ತ ನಿಂತಿದ್ದರು.

“ಏನ್ ಗಂಗಣ್ಣ, ನಮ್ ಹೊಟ್ಟೆ ಮೇಲೆ ಹೊಡೆದೋರ ಹತ್ರಾನೇ ಭಿಕ್ಷೆ ಬೇಡ್ತೀಯ?”

“ಮಗಳು ಓದವ್ಳೆ, ಅವಳೇ ಹೇಳಿದ್ಲು...” ಎಂದರು ಅಪ್ಪ.

“ಓದಿರೋರೇ ಕಣಯ್ಯ ಈ ಸೆಸ್ ಹಾಕಿರೋದು.”

ಸುತ್ತ ನಿಂತ ಡ್ರೈವರುಗಳೆಲ್ಲ ನಕ್ಕರು. ನಾನು ತಲೆ ತಗ್ಗಿಸಿದೆ.

“ಸದ್ದೇ ಮಾಡದ ಗಾಡಿ ಅದು, ಹೆಣ ಸಾಗಿಸ್ದಂಗೆ. ಅದನ್ನ ಮುಟ್ಟಿದೋನು ನಾಳೆಯಿಂದ ಇಲ್ಲಿ ಸರದಿಗೆ ನಿಲ್ಲಂಗಿಲ್ಲ. ಎಲ್ರಿಗೂ ಹೇಳ್ತಿದೀನಿ.”

ಅಪ್ಪ ಅರ್ಜಿಯನ್ನು ಅಲ್ಲೇ ಎರಡಾಗಿ ಹರಿದರು. ಚಪ್ಪಾಳೆ ಬಿತ್ತು.

“ಅವರು ಹೇಳೋದೂ ಸರೀನೇ ಕಣವ್ವ, ಎಲ್ಲರ ಜೊತೆ ಬಾಳಬೇಕಲ್ಲ,” ಎಂದರು ದಾರಿಯಲ್ಲಿ. ಹರಿದ ಎರಡು ಹಾಳೆಗಳನ್ನು ನಾನು ಡೈರಿಯೊಳಗೆ ಇಟ್ಟುಕೊಂಡೆ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬಸ್ಸಿಗಾಗಿ ಕಾಯುತ್ತಿದ್ದೆ. ಹೊಸ ಆಟೋವೊಂದು ಪಕ್ಕಕ್ಕೇ ಬಂದು ನಿಂತಿದ್ದರೂ ನನಗೆ ಗೊತ್ತಾಗಿರಲಿಲ್ಲ.

“ಹತ್ತಮ್ಮ, ಬಿಡ್ತೀನಿ,” ಎಂದರು ಅಧ್ಯಕ್ಷರು.