ಕಲ್ಲುಕೊಕ್ಕರೆ

“ಈ ಕೊಕ್ಕರೆ ಯಾರು?”

ಹೆಡ್ಮಾಸ್ಟರು ಮೂರನೆಯ ಸಲ ಕೇಳಿದರು. ಮೇಜಿನ ಮೇಲೆ ಗೋಡೆಪತ್ರಿಕೆಯಿಂದ ಅವರೇ ಕಿತ್ತು ತಂದ ಹಾಳೆ. ಕಿತ್ತ ರಭಸಕ್ಕೆ ಅಂಟಿನ ಜೊತೆ ಗೋಡೆಯ ಸುಣ್ಣವೂ ಎದ್ದು ಬಂದಿತ್ತು. ಎದುರಿಗೆ ಏಳನೇ ತರಗತಿಯ ಹುಡುಗಿ. ಇಡೀ ಶಾಲೆ ಚಿನಕುರುಳಿ ಎಂದು ಕರೆಯುವ ಈ ಹುಡುಗಿ ಬಾಯಿಗೆ ಬೀಗ ಹಾಕಿಕೊಂಡು ನಿಂತದ್ದು ಇದೇ ಮೊದಲು.

“ಕಥೆ ಸಾರ್.”

“ಕಥೆ ಅಂತ ನಂಗೂ ಗೊತ್ತಮ್ಮ. ಯಾರ ಕಥೆ?”

ಹುಡುಗಿ ಪಕ್ಕಕ್ಕೊಮ್ಮೆ ಕಣ್ಣು ಹೊರಳಿಸಿ ಮತ್ತೆ ನೆಲ ನೋಡಿದಳು.

ಹುಡುಗಿಯ ಪಕ್ಕದಲ್ಲಿ ಭಾಷಾ ಟೀಚರ್. ಸಂಕೇತ, ರೂಪಕಕಥೆ ಎಂದು ಹದಿನೈದು ದಿನ ಪಾಠ ಮಾಡಿ, ‘ಒಂದನ್ನು ಹೇಳಿ ಇನ್ನೊಂದನ್ನು ಕಾಣಿಸುವ ಕಥೆ ಬರೆಯಿರಿ’ ಎಂದು ಮಕ್ಕಳ ತಲೆಗೆ ಹುಳ ಬಿಟ್ಟವರು ಇವರೇ. ಹೆಡ್ಮಾಸ್ಟರಿಗೆ ಅದೇ ಬೇಸರ. ತಾನಾಯಿತು, ತನ್ನ ಕೆಲಸವಾಯಿತು ಎಂದು ಇರುವ ಹೆಂಗಸು. ಇವರ ತರಗತಿಯಲ್ಲಿ ಸೊಳ್ಳೆ ಹಾರಿದರೂ ಕೇಳಿಸುತ್ತದೆ. ಶಿಸ್ತು ಅಂದರೆ ಏನೆಂದು ಅವರನ್ನು ನೋಡಿ ಕಲಿಯಿರಿ ಎಂದು ಉಳಿದವರಿಗೆ ಎಷ್ಟೋ ಸಲ ಹೇಳಿದ್ದರು.

ಹಾಳೆಯನ್ನು ಎತ್ತಿಕೊಂಡು ಗಟ್ಟಿಯಾಗಿ ಓದತೊಡಗಿದರು.

“‘ಕೆರೆಯ ನಡುವೆ ಒಂದು ಕೊಕ್ಕರೆ ಒಂಟಿಕಾಲಲ್ಲಿ ನಿಂತಿರುತ್ತದೆ.’ ನನ್ನ ಮಂಡಿನೋವು ನಿಮಗೆ ತಮಾಷೆ, ಅಲ್ವಾ? ‘ಎರಡು ವರ್ಷದ ಹಿಂದೆ ಅದರ ಜೊತೆಯ ಕೊಕ್ಕರೆ ಹಾರಿಹೋಯಿತು, ಮರಳಿ ಬರಲಿಲ್ಲ.’”

ಆ ಸಾಲನ್ನು ಅವರು ಇನ್ನೊಮ್ಮೆ ಓದಿದರು. ಹೆಗಲಿಗೆ ಹೆಗಲು ಕೊಟ್ಟು ಶಾಲೆ ಕಟ್ಟಿದ ಗಣಿತದ ಮೇಷ್ಟ್ರು ಎರಡು ವರ್ಷದ ಹಿಂದೆ ಜಗಳವಾಡಿ ಬೇರೆ ಶಾಲೆ ಸೇರಿದ್ದು ಊರಿಗೇ ಗೊತ್ತಿದ್ದ ಸಂಗತಿ.

“‘ಅಂದಿನಿಂದ ಅದು ಕಲ್ಲು. ಮೀನುಮರಿಗಳನ್ನು ತಿನ್ನುವುದೂ ಇಲ್ಲ, ನೋಡುವುದೂ ಇಲ್ಲ.’ ನಾನು ನೋಡಲ್ವಾ? ಯಾರ ಶೂ ಲೇಸ್ ಬಿಚ್ಚಿದೆ ಅಂತ ಕೂಡ ನೋಡ್ತೀನಿ ನಾನು! ‘ಒಂದು ರೆಕ್ಕೆ ಎತ್ತಿದರೆ ಸಾಕು, ಮರಿಗಳೆಲ್ಲ ಗಪ್‌ಚುಪ್.’”

ಅಷ್ಟರಲ್ಲಿ ಹೊರಗೆ ಗದ್ದಲವೆದ್ದಿತು. ಆಟದ ಅವಧಿ ಮುಗಿಸಿ ಬಂದ ಮಕ್ಕಳು ಕಿಟಕಿಯ ಕೆಳಗೆ ಗುಂಪುಗೂಡಿದ್ದರು. ಟೀಚರ್ ಕಿಟಕಿಯ ಬಳಿ ಹೋಗಿ ಕೈ ಎತ್ತಿದರು, ಅಷ್ಟೇ. ಸದ್ದಡಗಿತು. ಹೆಡ್ಮಾಸ್ಟರು ಮೆಚ್ಚಿ ತಲೆಯಾಡಿಸಿ ಮತ್ತೆ ಹಾಳೆಯತ್ತ ತಿರುಗಿದರು.

“ಕೊನೆ ಕೇಳಿ. ‘ನಾಳೆಯಿಂದ ಎಲ್ಲರೂ ಸೇರಿ ಅದರ ಕಾಲಿಗೆ ಕಚಗುಳಿ ಇಡೋಣ ಎಂದಿತು ಪುಟ್ಟ ಮೀನು. ಕುಕ್ಕಿದರೆ ಕುಕ್ಕಲಿ. ಅದು ಅಲುಗಾಡುವ ತನಕ ಬಿಡಬಾರದು.’ ಇದು ದಂಗೆ! ಏಳನೇ ಕ್ಲಾಸಿಗೇ ದಂಗೆ!”

“ಅದು ನೀವಲ್ಲ ಸಾರ್,” ಎಂದರು ಟೀಚರ್. ಏರಿಳಿತವಿಲ್ಲದ ದನಿ.

“ಮತ್ಯಾರು? ಹೇಳಿ.”

“ಯಾರು ಅಂತ ಹೇಳೋ ಹಂಗು ಬರೆದವರಿಗಿಲ್ಲ. ನಾನು ಪಾಠ ಮಾಡಿದ್ದು ಅದನ್ನೇ.”

“ಪಾಠ ನನಗೂ ಮಾಡ್ತೀರಾ?” ಹೆಡ್ಮಾಸ್ಟರು ಒಂದು ಬಿಳಿಹಾಳೆ ಮುಂದೆ ತಳ್ಳಿದರು. “ಈ ಕಥೆ ಮುಖ್ಯೋಪಾಧ್ಯಾಯರನ್ನ ಅವಮಾನಿಸೋಕೆ ಬರೆದಿದ್ದು ಅಂತ ಬರೆದು ಸಹಿ ಹಾಕಿ. ವಿಷಯ ಬಲ್ಲವರು ನೀವು. ಇವಳಿಗೆ ಇವತ್ತೇ ಟಿ.ಸಿ. ಕೊಡ್ತೀನಿ.”

ಪರೀಕ್ಷೆಗೆ ಎರಡು ತಿಂಗಳು ಉಳಿದಿತ್ತು. ಈಗ ಟಿ.ಸಿ. ಕೈಗೆ ಬಂದರೆ ಹುಡುಗಿಯ ಒಂದು ವರ್ಷ ಮಣ್ಣುಪಾಲು. ಅದು ಮೂವರಿಗೂ ಗೊತ್ತಿತ್ತು.

“ಹಾಕಲ್ಲ,” ಎಂದರು ಟೀಚರ್.

“ಏನು?”

“ಸಹಿ ಹಾಕಲ್ಲ ಸಾರ್. ಆ ಹಾಳೆ ಗೋಡೆಗೆ ಅಂಟಿಸಿದ್ದೂ ಅವಳಲ್ಲ. ನಾನು.”

“ಓದದೇ ಅಂಟಿಸಿದ್ರಾ?”

“ನಾಲ್ಕು ಸಲ ಓದಿದೆ. ಆಮೇಲೆ ಅಂಟಿಸಿದೆ.”

ಹುಡುಗಿ ಥಟ್ಟನೆ ತಲೆಯೆತ್ತಿ ಟೀಚರ್ ಮುಖ ನೋಡಿದಳು. ಅವಳ ಕಿವಿ ಕೆಂಪಾಯಿತು.

ಹೆಡ್ಮಾಸ್ಟರಿಗೆ ಈಗ ಎಲ್ಲ ಸ್ಪಷ್ಟವಾಯಿತು. ಇಬ್ಬರೂ ಸೇರಿಯೇ ಮಸಲತ್ತು ಮಾಡಿದ್ದಾರೆ! “ಹಂಗಾದ್ರೆ ನಿಮ್ಮ ನೌಕರಿಯ ವಿಚಾರಾನೂ ಆಡಳಿತ ಮಂಡಳಿ ಮುಂದೆ ಇಡಬೇಕಾಗುತ್ತೆ.”

“ಇಡಿ ಸಾರ್. ಅವಳು ಒಂದಕ್ಷರಾನೂ ಹೊಡೆದು ಹಾಕಲ್ಲ, ನಾನು ಹಾಕಿಸಲ್ಲ.”

ಟಿ.ಸಿ. ಪುಸ್ತಕ ಹೊರಬಂತು. ಹೆಡ್ಮಾಸ್ಟರು ಪೆನ್ನಿನ ಮುಚ್ಚಳ ತೆಗೆದು, ಹುಡುಗಿಯತ್ತ ಬಾಗಿದರು. “ಕೊನೇ ಸಲ ಕೇಳ್ತೀನಿ ಪುಟ್ಟ. ತಪ್ಪಾಯ್ತು ಅಂದ್ರೆ ಬಿಟ್ಟುಬಿಡ್ತೀನಿ. ಕೊಕ್ಕರೆ ನಾನು ತಾನೆ?”

“ಅಲ್ಲ.”

“ಮತ್ಯಾರು?”

“ಟೀಚರ್ ಮುಂದೆ ಹೇಳಲ್ಲ ಸಾರ್. ನೀವು ಟಿ.ಸಿ. ಕೊಡಿ, ಇನ್ನೇನ್ ಬೇಕಾದ್ರೂ ಕೊಡಿ. ಅವರ ಮುಂದೆ ಮಾತ್ರ ಹೇಳಲ್ಲ.” ಕೈಕಟ್ಟಿ ನಿಂತಲ್ಲೇ ನಿಂತಳು.

ಹೆಡ್ಮಾಸ್ಟರು ದಿನಾಂಕ ಬರೆದರು. ಹೆಸರು ಬರೆಯುವಷ್ಟರಲ್ಲಿ ಒಂದು ಅಂಗೈ ಬಂದು ಪುಸ್ತಕದ ಮೇಲೆ ಊರಿತು.

“ಕೊಕ್ಕರೆ ನಾನು ಸಾರ್,” ಎಂದರು ಟೀಚರ್. “ಎರಡು ವರ್ಷದ ಹಿಂದೆ ನಮ್ಮ ಯಜಮಾನ್ರು ಹೋದ ಮೇಲೆ ನಾನು ಏನಾಗಿದ್ದೀನಿ ಅಂತ ನನಗೆ ಹೇಳೋ ಧೈರ್ಯ ದೊಡ್ಡವರು ಒಬ್ಬರಿಗೂ ಇರಲಿಲ್ಲ.”